ತಾಮ್ರದ ಮೇಲಿನ ಟೋನರ್: ಶಾಖವನ್ನು ಅಳೆಯಬೇಕಾದದ್ದು ಎಲ್ಲಿ?

ಮನೆಯಲ್ಲೇ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬೋರ್ಡ್ ತಯಾರಿಸಲು, ಲೇಸರ್ ಪ್ರಿಂಟರಿನಲ್ಲಿ ಕಾಗದದ ಮೇಲೆ ಮುದ್ರಿಸಿದ ವಿನ್ಯಾಸವನ್ನು ಇಸ್ತ್ರಿ ಪೆಟ್ಟಿಗೆಯಿಂದ ತಾಮ್ರದ ಬೋರ್ಡಿಗೆ ಒತ್ತುವವರಿಗೆ ಸಾಮಾನ್ಯವಾಗಿ ಸಿಗುವ ಸಲಹೆ, ಗುಂಡಿಯನ್ನು ಹತ್ತಿ ಬಟ್ಟೆಯ ಗುರುತಿಗೆ ತಿರುಗಿಸಿ ಎಂಬುದು. ಆ ಮೂರು ಚುಕ್ಕೆಗಳ ಗುರುತು ಸುಮಾರು 200 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಯನ್ನು ಸೂಚಿಸುತ್ತದೆ. ಆದರೆ ಅದು ಪೆಟ್ಟಿಗೆಯ ತಳದ ಲೆಕ್ಕ. ಟೋನರಿಗೆ ಬೇಕಾದದ್ದು ಕಾಗದದ ಅಡಿಯಲ್ಲಿರುವ ತಾಮ್ರದ ಬಿಸಿ.

ಟೋನರ್ ಎಂದರೆ ಬಣ್ಣ ಬೆರೆಸಿದ ಪ್ಲಾಸ್ಟಿಕ್ ಪುಡಿ. ಮಂಜುಗಡ್ಡೆಯಂತೆ ಅದಕ್ಕೆ ಕರಗುವ ಒಂದೇ ಬಿಂದುವಿಲ್ಲ, ಬಿಸಿಯೇರಿದಂತೆ ಮೆಲ್ಲಗೆ ಮೆದುವಾಗುತ್ತದೆ. ಶಾಖ ಸಾಲದಿದ್ದರೆ ತಾಮ್ರಕ್ಕೆ ಹಿಡಿಯುವುದಿಲ್ಲ. ಹೆಚ್ಚಾದರೆ ಹರಿದು, ಒತ್ತಡಕ್ಕೆ ಹರಡಿ, ಪಕ್ಕಪಕ್ಕದ ಗೆರೆಗಳು ಕೂಡಿಕೊಳ್ಳುತ್ತವೆ. ಮೇಲಾಗಿ ಸಾಧಾರಣ ಎಫ್‌ಆರ್-4 ಬೋರ್ಡಿನಲ್ಲಿ ಗಾಜಿನೆಳೆಗಳನ್ನು ಹಿಡಿದಿಡುವ ಎಪಾಕ್ಸಿ ಅಂಟೂ 130ರಿಂದ 140 ಡಿಗ್ರಿಯ ಆಸುಪಾಸಿನಲ್ಲಿ ಬಿಗಿತ ಕಳೆದುಕೊಳ್ಳುವುದರಿಂದ, ಬಹಳ ಹೊತ್ತು ಬಿಸಿಯಲ್ಲಿಟ್ಟು ಒತ್ತಿದರೆ ಬೋರ್ಡ್ ಬಾಗಬಹುದು.

ಅಳೆಯಲು ಹೊರಟವರು ಮೊದಲು ಕೈಗೆತ್ತಿಕೊಳ್ಳುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇಲ್ಲಿ ಶುದ್ಧ ಸುಳ್ಳುಗಾರ. ಉಜ್ಜಿ ಹೊಳಪಿಸಿದ ತಾಮ್ರವು ತನ್ನ ಬಿಸಿಗೆ ತಕ್ಕ ಕಿರಣಗಳಲ್ಲಿ ನೂರಕ್ಕೆ ಐದು ಪಾಲನ್ನಷ್ಟೇ ಹೊರಸೂಸಿ, ಉಳಿದಂತೆ ಕೋಣೆಯಿಂದ ಬಂದುದನ್ನೇ ಪ್ರತಿಫಲಿಸುತ್ತದೆ, ಉಪಕರಣವೋ ಸಾಮಾನ್ಯವಾಗಿ 0.95ರ ಉತ್ಸರ್ಜನಾಂಕಕ್ಕೆ, ಅಂದರೆ ನೂರಕ್ಕೆ ತೊಂಬತ್ತೈದು ಪಾಲು ಹೊರಸೂಸುವ ಮೇಲ್ಮೈಗೆ, ಹೊಂದಿಸಿದ್ದು. ಹೀಗಾಗಿ ಕೈ ಸುಡುವ ಬೋರ್ಡನ್ನೂ ಅದು ಉಗುರುಬೆಚ್ಚಗಿದೆ ಎನ್ನುತ್ತದೆ. ಮೂಲೆಯಲ್ಲಿ ಕ್ಯಾಪ್ಟಾನ್ (Kapton) ಎಂಬ, ಬಿಸಿ ತಾಳುವ ಟೇಪಿನ ತುಂಡನ್ನು ಅಂಟಿಸಿ, ಅದರ ಮೇಲೆಯೇ ಗುರಿಯಿಟ್ಟರೆ ಓದು ಬಹುಮಟ್ಟಿಗೆ ಸರಿಹೋಗುತ್ತದೆ.

ನನ್ನ ಆಯ್ಕೆ ಕೆ-ಮಾದರಿಯ ಥರ್ಮೋಕಪಲ್, ಅಂದರೆ ಎರಡು ಬೇರೆ ಲೋಹದ ತಂತಿಗಳನ್ನು ತುದಿಯಲ್ಲಿ ಬೆಸೆದ ಬಿಸಿ ಅಳೆಯುವ ಸಾಧನ. ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟಿನಷ್ಟೇ ಹುಟ್ಟುವ ಅದರ ವೋಲ್ಟೇಜನ್ನು ಮ್ಯಾಕ್ಸ್6675 ಚಿಪ್ 0.25 ಡಿಗ್ರಿಯ ಮೆಟ್ಟಿಲುಗಳಲ್ಲಿ ತೋರಿಸುತ್ತದೆ. ತಂತಿಯಲ್ಲೇ ಎರಡು ಡಿಗ್ರಿಗೂ ಮೀರಿದ ವ್ಯತ್ಯಾಸವಿರಬಹುದಾದ್ದರಿಂದ ಆ ದಶಾಂಶಗಳನ್ನು ನಾನು ಲೆಕ್ಕಕ್ಕಿಡುವುದಿಲ್ಲ. ಥರ್ಮೋಕಪಲ್ಲಿನ ತುದಿಯನ್ನು ವಿನ್ಯಾಸದ ಹೊರಗೆ, ತಾಮ್ರದ ಅಂಚಿಗೆ ಒತ್ತಿ ಅಂಟಿಸಬೇಕು. ಕಾಗದದಡಿಗೆ ತೂರಿಸಿದರೆ ಕಾಗದ ಎದ್ದು ಅಲ್ಲಿ ಟೋನರ್ ಹಿಡಿಯದು. ಬೋರ್ಡಿನ ಹಿಂಬದಿಯೂ ಸೂಕ್ತವಲ್ಲ, ಏಕೆಂದರೆ 35 ಮೈಕ್ರಾನ್ ತಾಮ್ರದಲ್ಲಿ ಶಾಖ ಅಡ್ಡಡ್ಡ ಬೇಗ ಹರಡಿದರೂ ಕೆಳಗಿನ 1.6 ಮಿಲಿಮೀಟರ್ ಗಾಜಿನೆಳೆಯ ಪದರವನ್ನು ನಿಧಾನವಾಗಿಯೇ ದಾಟುತ್ತದೆ.

ಹೀಗೆ ಅಳೆದಾಗ ಕಾಣುವುದೇನೆಂದರೆ, ತಾಮ್ರದ ಬಿಸಿ ಪೆಟ್ಟಿಗೆಯ ತಳಕ್ಕಿಂತ ಸಾಕಷ್ಟು ಹಿಂದೆ ಬೀಳುತ್ತದೆ, ಬೋರ್ಡ್ ದೊಡ್ಡದಾದಷ್ಟೂ ಹೆಚ್ಚು ಹೊತ್ತು ಬೇಕಾಗುತ್ತದೆ. ಆದ್ದರಿಂದ ಗಡಿಯಾರ ನೋಡುವುದನ್ನು ಬಿಟ್ಟು, ಅಂಚಿನ ಓದು ಏರುವುದು ನಿಂತ ಮೇಲೆಯೇ ಬಲವಾಗಿ ಒತ್ತಲು ಆರಂಭಿಸುತ್ತೇನೆ. ಇಸ್ತ್ರಿ ಪೆಟ್ಟಿಗೆಯ ಬದಲು ಬಳಸುವ ಲ್ಯಾಮಿನೇಟರಿನಲ್ಲಿ ಬೋರ್ಡನ್ನು ಹಲವು ಬಾರಿ ಹಾಯಿಸಬೇಕಾಗುವುದೂ ಇದೇ ಕಾರಣಕ್ಕೆ: ರೋಲರ್ ಬಿಸಿಯಾಗಿದ್ದರೂ ಒಂದೇ ಸುತ್ತಿನ ಸ್ಪರ್ಶದಲ್ಲಿ ದಪ್ಪ ಬೋರ್ಡ್ ಅಷ್ಟು ಶಾಖವನ್ನು ಹೀರಿಕೊಳ್ಳಲಾರದು.