ಬಿಚ್ಚಿ ಕಟ್ಟುವ ಮನೆ

ಮೊಳೆ ಹೊಡೆಯಲು ಸುತ್ತಿಗೆ ಎತ್ತಿದ್ದೆ. ಸ್ನೇಹಿತನ ಅಪ್ಪ ಬಂದು ಕೈ ಹಿಡಿದರು. "ಮೊಳೆ ಬೇಡ ಮಗಾ. ಬಿದಿರು ಸೀಳುತ್ತೆ. ನಾಳೆ ಬಿಚ್ಚುವಾಗ ಕೆಲಸಕ್ಕೆ ಬರಲ್ಲ." ಅರ್ಧವೂ ಎದ್ದಿರದ ಮನೆ ಅದು. ಆಗಲೇ ಬಿಚ್ಚುವ ಮಾತು ಕೇಳಿ ಮನಸ್ಸಿಗೆ ಒಂಥರಾ ಆಯಿತು.

ಅಸ್ಸಾಮಿನ ಮಾಜುಲಿಯಲ್ಲಿ ಜನವರಿಯ ಒಂದು ಭಾನುವಾರ. ಬ್ರಹ್ಮಪುತ್ರದ ನಡುವಿನ ಈ ದ್ವೀಪ 2016ರಲ್ಲಿ ಜಿಲ್ಲೆಯಾಯಿತು. ನಾನು ಆಗ ಜೋರ್ಹಾಟ್‌ನಲ್ಲಿ ಕೆಲಸದಲ್ಲಿದ್ದೆ. ನನ್ನ ಸ್ನೇಹಿತ ಮಿಸಿಂಗ್ ಸಮುದಾಯದವನು. ಹಿಂದಿನ ಮಳೆಗಾಲದಲ್ಲಿ ನದಿ ಅವರ ಅಂಗಳದವರೆಗೂ ದಡ ಕೊರೆದಿತ್ತು. ಮನೆ ನೀರಿಗೆ ಬೀಳುವ ಮೊದಲೇ ಬಿಚ್ಚಿ, ಕಂಬ, ತೊಲೆಗಳನ್ನು ದೋಣಿಯಲ್ಲಿ ತಂದು ಏರಿಯ ಮೇಲೆ ಪೇರಿಸಿಟ್ಟಿದ್ದರು. ಈಗ ಹೊಸ ಜಾಗದಲ್ಲಿ ಮತ್ತೆ ಕಟ್ಟಬೇಕು. ನಿಮಾತಿ ಘಾಟಿನಿಂದ ಬೆಳಗಿನ ದೋಣಿ ಹಿಡಿದು ನಾನೂ ಹೋದೆ.

ಊರಿಗೆ ಊರೇ ಬಂದಿತ್ತು. ಕೂಲಿ ಯಾರಿಗೂ ಇಲ್ಲ. ಇವತ್ತು ಇವರ ಮನೆ, ನಾಳೆ ಅವರ ಮನೆ. ನಮ್ಮ ಕಡೆ ಮುಯ್ಯಾಳು ಅನ್ನುತ್ತಾರಲ್ಲ, ಅದೇ. ಬರುವವರಿಗೆ ಊಟ ಮತ್ತು ಅಕ್ಕಿಯಿಂದ ಮಾಡಿದ ಅಪೊಂಗ್ ಅನ್ನುವ ಮದ್ಯ ಮನೆಯವರದ್ದು.

ಈ ಮನೆಗೆ ಚಾಂಗ್ ಘರ್ ಅಂತ ಹೆಸರು. ಮಿಸಿಂಗರು ಹಿಂದೆ ಅರುಣಾಚಲದ ಬೆಟ್ಟಗಳಿಂದ ಇಳಿದು ಬಂದವರು. ಕಂಬದ ಮೇಲೆ ಮನೆ ಕಟ್ಟುವ ರೂಢಿಯನ್ನು ಹೊಳೆ ಬಯಲಿನಲ್ಲೂ ಬಿಡಲಿಲ್ಲ. ನೆಲ ಎಷ್ಟು ಎತ್ತರದಲ್ಲಿ ಇರಬೇಕು ಅನ್ನುವುದಕ್ಕೆ ಟೇಪು ಹಿಡಿಯಲಿಲ್ಲ. ಹಳೆಯ ಕಂಬದ ಮೇಲೆ ಕೆಸರಿನ ಗೆರೆ ಇತ್ತು. ನೆರೆ ಬಂದಾಗ ನೀರು ನಿಂತ ಗುರುತು. ಅದಕ್ಕಿಂತ ಒಂದು ಮೊಳ ಮೇಲೆ ಅಡ್ಡ ತೊಲೆ ಕಟ್ಟಿದರು. ಹಾಸಿದ್ದು ಬಿದಿರಿನ ದಬ್ಬೆ, ನಡುನಡುವೆ ಸಂದು. ಸಂದಿಯಲ್ಲಿ ಗಾಳಿ ಆಡುತ್ತದೆ, ಕಸ ಕೆಳಗೆ ಬೀಳುತ್ತದೆ. ನೀರು ಏರಿ ಬಂದರೂ ಸಂದಿಯಲ್ಲಿ ನುಗ್ಗುತ್ತದೆಯೇ ಹೊರತು ನೆಲವನ್ನು ಎತ್ತಿ ಕೀಳುವುದಿಲ್ಲ. ಕೆಳಗಿನ ಜಾಗ ಮಗ್ಗಕ್ಕೆ, ಹಂದಿಗೆ, ಕೋಳಿಗೆ, ಸೌದೆಗೆ.

ನನಗೆ ಕಟ್ಟು ಹಾಕುವ ಕೆಲಸ ಸಿಕ್ಕಿತು. ನೆನೆಸಿದ ಬಿದಿರಿನ ತೆಳು ಸೀಳನ್ನು ಎರಡು ಸುತ್ತು ಸುತ್ತಿ, ತಿರುಚಿ, ತುದಿಯನ್ನು ಒಳಗೆ ಸಿಕ್ಕಿಸಬೇಕು. ಸ್ನೇಹಿತನ ಅಜ್ಜಿ, ಎಲ್ಲರ ಬಾಯಲ್ಲಿ ಐತಾ, ಪಕ್ಕದಲ್ಲೇ ಕೂತು ಬಿದಿರು ಸೀಳುತ್ತಿದ್ದರು. "ಐತಾ, ಎಷ್ಟನೇ ಮನೆ ಇದು?" ಅಂತ ಕೇಳಿದೆ. ಬೆರಳು ಮಡಿಸುತ್ತಾ ಹೋದರು. ಆರಕ್ಕೆ ನಿಲ್ಲಿಸಿದರು. 1950ರ ಆಗಸ್ಟ್ 15ರ ಭೂಕಂಪದಲ್ಲಿ ಅವರು ಇನ್ನೂ ಚಿಕ್ಕ ಹುಡುಗಿಯಂತೆ. ಗುಡ್ಡ ಕುಸಿದ ಮಣ್ಣು ಬಂದು ಬ್ರಹ್ಮಪುತ್ರದ ಪಾತ್ರ ಮೇಲೆದ್ದಿತು. ದಡ ಕೊರೆಯುವುದು ಆಮೇಲೆಯೇ ಜಾಸ್ತಿ ಆಗಿದ್ದು.

ನನ್ನ ಕೈ ಅಲ್ಲೇ ನಿಂತಿತು. ನಮ್ಮದೂ ಮುಳುಗಡೆ ಮನೆತನ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು, ಅದರ ಹಿನ್ನೀರಿನಲ್ಲಿ ಅಜ್ಜನ ಊರು ಹೋಯಿತು. ಅಜ್ಜ ನಾಲ್ಕು ಹಲಸಿನ ಕಂಬ, ಒಂದು ಬಾಗಿಲು ಗಾಡಿಯಲ್ಲಿ ತಂದರು. ಮಣ್ಣಿನ ಗೋಡೆ ಅಲ್ಲೇ ಉಳಿಯಿತು. ಗೋಡೆಯನ್ನು ಬಿಚ್ಚೋದು ಹೇಗೆ? ಬೇಸಿಗೆಯಲ್ಲಿ ನೀರು ಇಳಿದಾಗ ಅಪ್ಪ ಇವತ್ತಿಗೂ ಹೋಗಿ ಹಳೆಯ ಪಾಯ ಹುಡುಕುತ್ತಾರೆ. ಐತಾ ಐದು ಸಲ ಮನೆ ಕಳೆದುಕೊಂಡವರು ಅಂದುಕೊಂಡಿದ್ದೆ. ಅವರ ಲೆಕ್ಕದಲ್ಲಿ ಅದು ಒಂದೇ ಮನೆ, ಆರು ಜಾಗ.

ಮಧ್ಯಾಹ್ನದ ಹೊತ್ತಿಗೆ ಮಾಡಿನ ಕಟ್ಟು ಮುಗಿಯಿತು. ಸಂಜೆ ನಡುಮನೆಯಲ್ಲಿ ಮರದ ಚೌಕಟ್ಟು ಇಟ್ಟು, ಮಣ್ಣು ತುಂಬಿ ಒಲೆ ಮಾಡಿದರು. ಮೀನು ಒಣಗಿಸುವ ತಟ್ಟಿ ಮೇಲಿಂದ ತೂಗುತ್ತಿತ್ತು. ಈ ಹೊಗೆ ಹತ್ತಿದರೆ ಮಾಡಿನ ಬಿದಿರಿಗೆ ಹುಳ ಬೀಳಲ್ಲ. ಬೆಂಕಿ ಹಚ್ಚಿದ್ದು ಐತಾ. ಕಚ್ಚು ಕಡಿದ ಒಂಟಿ ಮರದ ಏಣಿ ಹತ್ತಿ ಒಬ್ಬೊಬ್ಬರೇ ಒಳಗೆ ಬಂದು ಕೂತರು. ಎಲ್ಲರ ಭಾರಕ್ಕೆ ನೆಲ ಮೆಲ್ಲಗೆ ತೂಗಿತು.

ರಾತ್ರಿ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು, "ಕಂಬ ಯಾವ ಮರದ್ದೋ?" ಸ್ನೇಹಿತನ ಅಪ್ಪನನ್ನು ಕೇಳಿದರೆ ಅಜಾರ್ ಅಂದರು. ನನಗೆ ಗೊತ್ತಾಗಲಿಲ್ಲ. ಮೇ ತಿಂಗಳಲ್ಲಿ ಆ ಮರ ನೇರಳೆ ಹೂ ಬಿಟ್ಟಾಗ ಫೋಟೋ ಕಳಿಸಿದೆ. ಆ ಕ್ಷಣವೇ ಅಪ್ಪನ ಫೋನ್ ಬಂತು.

"ಇದು ನಮ್ಮ ಹೊಳೆದಾಸವಾಳ ಕಣೋ! ಮುಳುಗಿದ ಊರಿನ ಹೊಳೆ ದಂಡೆಯಲ್ಲಿ ಪೂರ್ತಿ ಇದೇ ಇತ್ತು."