ಕೃಷ್ಣಗಿರಿ ದುರ್ಗದ ಮೇಲುಬಾಗಿಲು

ಹೊಸೂರಿನಲ್ಲಿಯೇ ಹುಟ್ಟಿ ಬೆಳೆದಿದ್ದರೂ ಕೃಷ್ಣಗಿರಿಯ ದುರ್ಗವನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೆನೇ ಹೊರತು ಹತ್ತಿರಲಿಲ್ಲ. ಕಳೆದ ಮಾಘದಲ್ಲಿ ಎರಡು ದಿನ ತಿರುಗಾಡಿ ರಾಯಕೋಟೆಯನ್ನೂ ನೋಡಿದೆನಾದರೂ ಮನಸ್ಸು ನಿಂತದ್ದು ಕೃಷ್ಣಗಿರಿಯ ಮೇಲುಕೋಟೆಗೆ ಹೋಗುವ ಬಂಡೆಯ ಮೆಟ್ಟಿಲುಗಳ ಮೇಲೆ.

ಮೂರನೆಯ ಮೈಸೂರು ಯುದ್ಧದಲ್ಲಿ ಕಂಪನಿಯ ಸೇನೆ ಶ್ರೀರಂಗಪಟ್ಟಣಕ್ಕೆ ಹೊರಡುವ ಮುನ್ನ, ತಮಿಳು ಸೀಮೆಯಿಂದ ಘಟ್ಟ ಹತ್ತಿ ಬರುವ ದವಸಧಾನ್ಯದ ದಾರಿ ಕಾಯಲು ಕೃಷ್ಣಗಿರಿಯ ಸುತ್ತಲಿನ ಬಾರಾಮಹಲ್ ಸೀಮೆಯ ಬೆಟ್ಟಗಳು ಬೇಕಾಗಿದ್ದವು. ರಾಯಕೋಟೆ 1791ರ ಜುಲೈನಲ್ಲೇ ಅವರ ಕೈಸೇರಿತ್ತು. ನವೆಂಬರ್ 7ರ ರಾತ್ರಿ ಕರ್ನಲ್ ಮ್ಯಾಕ್ಸ್‌ವೆಲ್‌ನ ಪಡೆ ಕೃಷ್ಣಗಿರಿಯ ಪೇಟೆಯನ್ನೂ ಕೆಳಕೋಟೆಯನ್ನೂ ಏಣಿ ಹಾಕಿ ಹಿಡಿಯಿತು; ಓಡಿಹೋಗುತ್ತಿದ್ದ ಟಿಪ್ಪುವಿನ ಸಿಪಾಯಿಗಳ ಬೆನ್ನಿಗೇ ಮೇಲುಕೋಟೆಗೂ ನುಗ್ಗಲು ಹೊರಟಿತು. ಬಾಗಿಲು ಕಣ್ಣೆದುರಿಗೇ ಮುಚ್ಚಿಕೊಂಡಿತು, ಏಣಿಗಳು ಹಿಂದೆ ಉಳಿದಿದ್ದವು. ಅವು ಬಂದ ಮೇಲೆ ಎರಡು ಗಂಟೆ ಹೊತ್ತು ಮತ್ತೆ ಮತ್ತೆ ಹತ್ತಲು ನೋಡಿದರೂ ಮೇಲಿನಿಂದ ಉರುಳಿಸಿದ ಬಂಡೆಗಳು ಏಣಿಗಳನ್ನೂ ಜನರನ್ನೂ ಕೊಚ್ಚಿಹಾಕಿದವು, ಪಡೆ ಹಿಂದಿರುಗಿತು. ಬಾರಾಮಹಲ್ ಕಂಪನಿಗೆ ಸೇರಿದ್ದು 1792ರ ಒಪ್ಪಂದದಿಂದ. ಈ ಬಾಗಿಲನ್ನು ಗೆದ್ದಲ್ಲ.

ಹತ್ತುವವರು ಬೆಳಿಗ್ಗೆ ಆರಕ್ಕೇ ಹೊರಡಿ, ನೀರು ಎರಡು ಬಾಟಲಿಯಾದರೂ ಇರಲಿ. ನಾನು ಹತ್ತು ಗಂಟೆಗೆ ಒಂದೇ ಬಾಟಲಿ ಹಿಡಿದು ಹೊರಟು, ಅರ್ಧ ದಾರಿಯಲ್ಲೇ ಕಾದ ಬಂಡೆಯ ಮೇಲೆ ತಲೆ ಸುತ್ತಿ ಕುಳಿತೆ. ಆಗ ಮೇಕೆ ಮೇಯಿಸುತ್ತಿದ್ದ ಮುದುಕಿಯೊಬ್ಬರು ತಮ್ಮ ಚೊಂಬಿನಿಂದ ನೀರು ಕೊಟ್ಟು, ನಮ್ಮ ಹೊಸೂರಿನ ಹತ್ತಿರದ ತಳಿ ಊರಿನ ಕಡೆಯ ಕನ್ನಡದಲ್ಲೇ ಮಾತನಾಡಿಸಿದರು.

“ಯುದ್ಧ ನೋಡಾಕೆ ಬಂದ್ರಾ ಸಾಮಿ? ಇಲ್ಲೇನೈತೆ, ಕಲ್ಲು.”

“ಆ ಕಲ್ಲುಗಳಿಂದಲೇ ಕೋಟೆ ಉಳಿಸಿಕೊಂಡರಂತಲ್ಲ ಅವ್ವಾ,” ಎಂದೆ.

ಅವರು ಉತ್ತರಿಸಲಿಲ್ಲ. ಮೇಲಿನ ಮೆಟ್ಟಿಲಲ್ಲಿ ಮೇಕೆಯೊಂದು ಕಾಲಿಟ್ಟ ಕಡೆ ತೆಂಗಿನಕಾಯಿ ಗಾತ್ರದ ಕಲ್ಲೊಂದು ಜಾರಿತು. ನಮ್ಮ ಎಡಕ್ಕೆ ಒಮ್ಮೆ ಬಂಡೆಗೆ ಬಡಿದು, ಎರಡನೆಯ ಸಲ ನನ್ನ ಎದೆಯೆತ್ತರಕ್ಕೆ ಪುಟಿದು ಇಳಿಜಾರಿನಲ್ಲಿ ಮರೆಯಾಯಿತು. ಕೆಳಗಿನ ಪೊದೆಗಳಲ್ಲಿ ಅದರ ಸದ್ದು ನಿಲ್ಲುವವರೆಗೂ ಇಬ್ಬರೂ ಸುಮ್ಮನಿದ್ದೆವು. ಕಂಪನಿಯ ಸಿಪಾಯಿಗಳೂ ನಮ್ಮ ಸೀಮೆಯ ಬಡವರ ಮಕ್ಕಳೇ ಆಗಿದ್ದರೆಂಬುದು ಆಗ ನೆನಪಾಯಿತು.

“ಅದು ಚಿಕ್ಕದು,” ಎಂದರು ಅವರು, ಮೇಕೆಯನ್ನು ಕರೆಯುತ್ತಾ.