ಅಮ್ಮ ಅನ್ನೋ ಪದಕ್ಕೆ ಎಂಟು ಬಿಟ್ ಬೇಕು

ದೊಡ್ಡಪ್ಪನ ಮನೆಯ ಹಳೇ 386 ಕಂಪ್ಯೂಟರ್ ಇನ್ನೂ ಆನ್ ಆಗುತ್ತದೆ ಅಂತ ಗೊತ್ತಾದ ದಿನದಿಂದ ನನಗೆ ಅದೇ ಚಿಂತೆ. ಅದರೊಳಗೆ ಅಜ್ಜಿಯ ಮದುವೆ ಹಾಡುಗಳಿವೆ. ಸಾಗರದಲ್ಲಿ ಪ್ರೆಸ್ ನಡೆಸುತ್ತಿದ್ದ ಗೆಳೆಯರಿಂದ ದೊಡ್ಡಪ್ಪ ಸೆಕೆಂಡ್ ಹ್ಯಾಂಡಿಗೆ ತಗೊಂಡ ಮಷಿನ್ ಅದು. ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡ್ (ಭಾರತೀಯ ಭಾಷೆಗಳ ಅಕ್ಷರ ತೋರಿಸೋ ಬೋರ್ಡ್) ಇರೋದರಿಂದ, ವಿಂಡೋಸ್‌ಗಿಂತ ಮುಂಚಿನ ಡಾಸ್‌ನಲ್ಲೇ ಕನ್ನಡ ಬರುತ್ತದೆ. ಅಜ್ಜಿ ಹಾಡುತ್ತಿದ್ದರು, ದೊಡ್ಡಪ್ಪ ಪಕ್ಕದಲ್ಲಿ ಕೂತು ಬರೆದುಕೊಂಡು ರಾತ್ರಿ ಟೈಪ್ ಮಾಡುತ್ತಿದ್ದರು. 37 ಫೈಲು, ಎಲ್ಲ ಸೇರಿ 400 ಕೆಬಿ. ಬೇರೆಲ್ಲೂ ಪ್ರತಿ ಇಲ್ಲ.

ಫ್ಲಾಪಿ ಡ್ರೈವ್ ಕೆಟ್ಟಿದೆ. ಹಾರ್ಡ್ ಡಿಸ್ಕ್ ಬಿಚ್ಚಿ ಬೇರೆ ಕಡೆ ಹಾಕಬಹುದಿತ್ತು, ಆದರೆ ಅಷ್ಟು ಹಳೇ ಡಿಸ್ಕನ್ನು ಅಲ್ಲಾಡಿಸೋಕೆ ನನಗೆ ಧೈರ್ಯ ಬರಲಿಲ್ಲ. ಕೇಬಲ್ ಹಾಕಿ ತೆಗೆಯೋಣ ಅಂತ ಸೀರಿಯಲ್ ಪೋರ್ಟ್ (ಒಂದೊಂದೇ ಬಿಟ್ ಸಾಲಾಗಿ ಕಳಿಸೋ ಹಳೇ ಕಿಂಡಿ) ಇರೋ ನನ್ನ ವಿಂಡೋಸ್ 98 ಲ್ಯಾಪ್‌ಟಾಪ್ ತಗೊಂಡು ಹೋದೆ. ಎರಡು ಕಂಪ್ಯೂಟರ್ ಜೋಡಿಸೋ ಇಂಟರ್‌ಲಿಂಕ್ ಪ್ರೋಗ್ರಾಮ್ ಬಂದದ್ದು 1993ರ ಡಾಸ್ 6ರಲ್ಲಿ. ದೊಡ್ಡಪ್ಪನದು ಡಾಸ್ 5. ಹಾಗಾಗಿ ಸುಮ್ನೆ ಕಾಪಿ ಕಮಾಂಡ್‌ನಲ್ಲೇ ಫೈಲನ್ನು ಪೋರ್ಟಿಗೆ ಕಳಿಸೋದು, ಈ ಕಡೆ ಟರ್ಮಿನಲ್ ಪ್ರೋಗ್ರಾಮ್‌ನಲ್ಲಿ ಹಿಡಿದುಕೊಳ್ಳೋದು ಅಂತ ತೀರ್ಮಾನ ಮಾಡಿದೆ.

ಬೆಂಗಳೂರಿನ ಎಸ್‌ಪಿ ರೋಡಿನಿಂದ ಕನೆಕ್ಟರ್ ತಂದು ನಾನೇ ಬೆಸುಗೆ ಹಾಕಿದೆ. ಅಲ್ಲಿ 25 ಪಿನ್, ಇಲ್ಲಿ 9 ಪಿನ್. 25 ಪಿನ್‌ನಲ್ಲಿ ಎರಡನೇದು ಕಳಿಸೋ ಪಿನ್, 9 ಪಿನ್‌ನಲ್ಲಿ ಎರಡನೇದು ಪಡೆಯೋ ಪಿನ್. ಹಾಗಾಗಿ ತಂತಿ ಅಡ್ಡ ಹಾಕೋದು ಬೇಡ, ಎರಡಕ್ಕೆ ಎರಡು, ಮೂರಕ್ಕೆ ಮೂರು, ಗ್ರೌಂಡ್ ಮಾತ್ರ ಏಳರಿಂದ ಐದಕ್ಕೆ. ಮೂರೇ ತಂತಿ. ಹಾಕಿ ಕಳಿಸಿದರೆ ರೈಟ್ ಫಾಲ್ಟ್, ಅಂದರೆ ಬರೆಯೋಕೆ ಆಗಲಿಲ್ಲ ಅಂತ ಬಂತು. ಡಾಸ್ ಕಾಪಿ ಮಾಡೋದು ಬಯೋಸ್ (ಕಂಪ್ಯೂಟರಿನೊಳಗೇ ಇರೋ ಮೂಲ ಪ್ರೋಗ್ರಾಮ್) ಮೂಲಕ, ಬಯೋಸ್‌ಗೆ ಆಚೆ ಕಡೆಯವರು ತಯಾರಿದ್ದಾರೆ ಅನ್ನೋ ಸಿಗ್ನಲ್ ಸಿಗದಿದ್ದರೆ ಒಂದಕ್ಷರವೂ ಹೊರಡಲ್ಲ. ಆ ಸಿಗ್ನಲ್ ಈ ಕಡೆಯಿಂದಲೇ ವಾಪಸ್ ಸಿಗಲಿ ಅಂತ 25 ಪಿನ್ ಕನೆಕ್ಟರ್ ಬಿಚ್ಚಿ ನಾಲ್ಕಕ್ಕೆ ಐದು ಸೇರಿಸಿದೆ, ಆರು, ಎಂಟು, ಇಪ್ಪತ್ತನ್ನು ಒಟ್ಟಿಗೆ ಕಟ್ಟಿದೆ. ಆಗ ಹೊರಟಿತು.

ಮೊದಲು ಫೈಲುಗಳ ಪಟ್ಟಿ ಕಳಿಸಿದೆ, ಹೆಸರುಗಳೆಲ್ಲ ಇಂಗ್ಲಿಷಿನಲ್ಲಿದ್ದವು, ಒಂದು ಅಕ್ಷರ ತಪ್ಪಿಲ್ಲ. ಆಮೇಲೆ ಹಾಡುಗಳು. 9600 ವೇಗ ಅಂದರೆ ಸೆಕೆಂಡಿಗೆ 960 ಅಕ್ಷರ, ಎಲ್ಲ ಬರೋಕೆ ಏಳೆಂಟು ನಿಮಿಷ. ಲ್ಯಾಪ್‌ಟಾಪಿನಲ್ಲಿ ಜಿಸ್ಟ್ ಇಲ್ಲವಲ್ಲ, ಕನ್ನಡ ಹೇಗೂ ಕಾಣಲ್ಲ, ಅದಕ್ಕೆ ಬೈಟ್ ಲೆಕ್ಕ ಮಾತ್ರ ನೋಡಿದೆ. ಎಲ್ಲ ಸರಿಯಾಗಿತ್ತು. ಖುಷಿಯಲ್ಲಿ ಊಟಕ್ಕೆ ಎದ್ದೆ.

ರಾತ್ರಿ ಈಗಿನ ಕಂಪ್ಯೂಟರುಗಳು ಬಳಸೋ ಯೂನಿಕೋಡ್‌ಗೆ ಬದಲಿಸೋಕೆ ಕೂತರೆ ಒಂದು ಕನ್ನಡ ಅಕ್ಷರವೂ ಸಿಗಲಿಲ್ಲ. ಫೈಲ್ ತೆರೆದು ನೋಡಿದೆ. ಶುರುವಿನಲ್ಲೇ ಡಾಲರ್ ಚಿಹ್ನೆ, ಆಮೇಲೆ ಎಲ್, ಎಚ್, ಎಲ್. ಸುಮಾರು ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ.

ಜಿಸ್ಟ್ ಬಳಸೋದು ಇಸ್ಕಿ ಸಂಕೇತ, ಅಂದರೆ ಭಾರತೀಯ ಭಾಷೆಗಳ ಒಂದೊಂದು ಅಕ್ಷರಕ್ಕೂ ಒಂದು ಸಂಖ್ಯೆ ಕೊಡೋ ಪದ್ಧತಿ. ಅದರಲ್ಲಿ ಅ ಅಂದರೆ 164, ಮ 204, ಹಲಂತ (ಒತ್ತಕ್ಷರ ಮಾಡೋಕೆ ಬಳಸೋ ಗುರುತು) 232. ಅ, ಮ, ಹಲಂತ, ಮ: ಅಮ್ಮ. ಪ್ರತಿಯೊಂದರಲ್ಲೂ 128 ಕಳೆಯಿರಿ, 36, 76, 104, 76 ಬರುತ್ತೆ. ಅದೇ ಡಾಲರ್, ಎಲ್, ಎಚ್, ಎಲ್! ಒಂದು ಬೈಟ್ ಅಂದರೆ ಎಂಟು ಬಿಟ್, ಎಂಟು ಸೊನ್ನೆ-ಒಂದುಗಳು; ಎಂಟನೇದರ ಬೆಲೆ 128. ಆ ಎಂಟನೇ ಬಿಟ್ ದಾರಿಯಲ್ಲಿ ಉದುರಿ ಹೋಗಿತ್ತು. ಇಂಗ್ಲಿಷ್ ಅಕ್ಷರಗಳೆಲ್ಲ 128ರ ಕೆಳಗೇ ಇರೋದು, ಅವಕ್ಕೆ ಏಳು ಬಿಟ್ ಸಾಕು. ಇಸ್ಕಿಯಲ್ಲಿ ಕನ್ನಡ ಇರೋದು ಪೂರ್ತಿ ಅದರ ಮೇಲೆ. ತಪ್ಪಾದದ್ದು ಎಲ್ಲಿ ಅಂದರೆ, ಪೋರ್ಟನ್ನು ಹೊಂದಿಸೋ ಮೋಡ್ ಕಮಾಂಡಿಗೆ ನಾನು ವೇಗ ಮಾತ್ರ ಕೊಟ್ಟಿದ್ದೆ. ಬೇರೇನೂ ಹೇಳದಿದ್ದರೆ ಡಾಸ್ ತಾನಾಗೇ ಏಳು ಬಿಟ್, ಈವನ್ ಪ್ಯಾರಿಟಿ (ತಪ್ಪು ಹಿಡಿಯೋಕೆ ಸೇರಿಸೋ ಇನ್ನೊಂದು ಬಿಟ್) ಅಂತ ಇಟ್ಟುಕೊಳ್ಳುತ್ತೆ. ಪರದೆಯಲ್ಲಿ ಅದನ್ನು ತೋರಿಸಿಯೂ ಇತ್ತು, ನಾನು ಅದನ್ನೇ ನೋಡಿ ಲ್ಯಾಪ್‌ಟಾಪನ್ನೂ ಹಾಗೇ ಹೊಂದಿಸಿದ್ದೆ. ಹಳೇ ಕನ್ನಡ ಫೈಲ್ ಯಾರಾದರೂ ಹೀಗೆ ತೆಗೆಯೋದಿದ್ದರೆ ದಯವಿಟ್ಟು ನೋ ಪ್ಯಾರಿಟಿ, ಎಂಟು ಬಿಟ್, ಒಂದು ಸ್ಟಾಪ್ ಬಿಟ್ (ಅಕ್ಷರ ಮುಗಿಯಿತು ಅನ್ನೋ ಗುರುತು) ಅಂತ ಪೂರ್ತಿ ಬರೆಯಿರಿ, ಎರಡೂ ಕಡೆ. ಬೈಟ್ ಲೆಕ್ಕ ಸರಿ ಬಂತು ಅಂತ ನಂಬಿ ಮೂಲ ಅಳಿಸಬೇಡಿ.

"ಎಂತ ಆತು ತಮಾ?" ಅಂತ ದೊಡ್ಡಪ್ಪ ಬೆಳಿಗ್ಗೆ ಕೇಳಿದರು. ಹೇಳಿದೆ. ಮತ್ತೆ ಕಳಿಸಿದೆವು, ಈ ಸಲ ಎರಡೆರಡು ಸಾರಿ. ಕಾಪಿ ಕಮಾಂಡ್ ಏನೂ ಪರೀಕ್ಷೆ ಮಾಡಲ್ಲ, ಅದಕ್ಕೆ ಎರಡು ಪ್ರತಿ ಪಡೆದು ಒಂದಕ್ಕೊಂದು ಹೋಲಿಸಿ ನೋಡಿದೆ. 37ರಲ್ಲಿ ಒಂದರಲ್ಲೂ ವ್ಯತ್ಯಾಸ ಇರಲಿಲ್ಲ.

ಯೂನಿಕೋಡ್‌ಗೆ ಬದಲಿಸಿ ಮೊದಲ ಫೈಲ್ ತೆರೆದೆ. "ಅಮ್ಮ ಹೇಳಿದ ಹಾಡುಗಳು" ಅಂತ ಮೇಲೆ ತಲೆಬರಹ. ದೊಡ್ಡಪ್ಪ ಕನ್ನಡಕ ಏರಿಸಿಕೊಂಡು ಸಣ್ಣ ದನಿಯಲ್ಲಿ ಹಾಡುತ್ತಲೇ ಓದಿದರು, ಮೂರನೇ ಸಾಲಿಗೆ ನಿಲ್ಲಿಸಿದರು. ನನಗೆ ಎದೆ ಧಸಕ್ ಅಂತು. "ಇದು ಆಗ್ಲೇ ಆದ ತಪ್ಪು ತಮಾ, ಇಲ್ಲಿ ದೀರ್ಘ ಇರಕಾಗಿತ್ತು" ಅಂದರು.

ಆ ಸಾಲನ್ನು ನಾನು ತಿದ್ದಿಲ್ಲ.